ಓದಿಗೆ ವಾಟ್ಸಾಪ್, ಟೆಲಿಗ್ರಾಂ, ರಿಸರ್ಚ್‌ಗೇಟ್: ಮೈಸೂರು–ಮಂಡ್ಯದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ, ಮಂಡ್ಯದ ಕಾಲೇಜುಗಳಲ್ಲಿ, ಫೋನಿನಲ್ಲಿ, ಕಾಗದದಲ್ಲಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಡಿಗ್ರಿಯವರಿಗೆ ಬೇಕಾದ್ದು, ಆಮೇಲೆ ಎಂಎ, ಎಂಎಸ್ಸಿ, ಪಿಎಚ್‌ಡಿಯವರಿಗೆ ಬೇಕಾದ್ದು. ಪೂರ್ತಿ ಓದಲೇಬೇಕು ಅಂತಿಲ್ಲ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಶುರು ಮಾಡುವವರಿಗೆ

ಸಾರ್, ಓದೋಕೆ ವಾಟ್ಸಾಪ್ ಒಳ್ಳೇದಾ, ಟೆಲಿಗ್ರಾಂ ಒಳ್ಳೇದಾ?

ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. "ನಾಳೆ ಇಂಟರ್ನಲ್ಸ್ ಎಷ್ಟು ಗಂಟೆಗೆ?" ಅನ್ನೋ ತರದ ಮಾತಿಗೆ ವಾಟ್ಸಾಪ್ ಸರಿ, ಯಾಕೆಂದರೆ ಎಲ್ಲರೂ ಅದನ್ನು ನೋಡುತ್ತಲೇ ಇರುತ್ತಾರೆ. ಒಂದು ಗ್ರೂಪಿನಲ್ಲಿ 1024 ಜನ ಇರಬಹುದು, ಒಂದು ತರಗತಿಗೆ ಅದು ಬೇಕಾದಷ್ಟಾಯಿತು. ನೋಟ್ಸ್, ಹಳೆ ಪ್ರಶ್ನೆಪತ್ರಿಕೆ, ರೆಕಾರ್ಡ್ ಮಾಡಿದ ಪಾಠ ಇವುಗಳನ್ನು ಕೂಡಿಡಲು ಟೆಲಿಗ್ರಾಂ ವಾಸಿ. ತಡವಾಗಿ ಸೇರಿದವರಿಗೂ ಹಳೆಯ ಫೈಲ್‌ಗಳು ಕಾಣುವಂತೆ ಅಡ್ಮಿನ್ ಅದನ್ನು ಇಡಬಹುದು. ಎರಡನೇ ರೌಂಡಿನಲ್ಲಿ ಸೀಟು ಸಿಕ್ಕಿ ಒಂದು ತಿಂಗಳು ತಡವಾಗಿ ಬಂದವರಿಗೆ ಇದು ದೊಡ್ಡ ಉಪಕಾರ.

ಎರಡನ್ನೂ ಇಟ್ಟುಕೊಳ್ಳಿ. ಆದರೆ ಒಂದೇ ತರಗತಿಗೆ ಐದು ಗ್ರೂಪ್ ಬೇಡ.

ಕ್ಲಾಸ್ ಗ್ರೂಪಲ್ಲಿ ದಿನಕ್ಕೆ ನೂರು ಮೆಸೇಜ್ ಬರುತ್ತೆ. ಬೇಕಾದ್ದು ಮಾತ್ರ ಸಿಗೋದೇ ಇಲ್ಲ. ಏನ್ಮಾಡೋದು?

ಗುಡ್ ಮಾರ್ನಿಂಗ್, ಹುಟ್ಟುಹಬ್ಬದ ಹಾರೈಕೆ, ಅದಕ್ಕೆ ನಲವತ್ತು ಥ್ಯಾಂಕ್ಸ್. ಇವುಗಳ ಕೆಳಗೆ ಫೀಸ್ ಕಟ್ಟುವ ಕೊನೆ ದಿನಾಂಕ ಹೂತುಹೋಗಿರುತ್ತದೆ. ಅಡ್ಮಿನ್ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಇದು ಸರಿಹೋಗುತ್ತದೆ. ಅಡ್ಮಿನ್‌ಗಳು ಮಾತ್ರ ಬರೆಯುವ ಒಂದು ಗ್ರೂಪ್ ಇರಲಿ, ಅಲ್ಲಿ ಸೂಚನೆ ಬಿಟ್ಟು ಬೇರೇನೂ ಬರಬಾರದು. ಹರಟೆಗೆ ಬೇರೆ ಗ್ರೂಪ್ ಮಾಡಿ. ಹರಟೆ ಬೇಡ ಅಂತ ನಾನು ಹೇಳುತ್ತಿಲ್ಲ, ಸೂಚನೆಯ ಜೊತೆ ಅದು ಸೇರಬಾರದು ಅಷ್ಟೇ.

ಫೈಲ್‌ಗೆ ಹೆಸರಿಡುವುದನ್ನೂ ಕಲಿಯಿರಿ. 'ಸ್ಕ್ಯಾನ್ 0012' ಅಂತ ಬಂದ ಪಿಡಿಎಫ್ ಅನ್ನು ಪರೀಕ್ಷೆಯ ಹಿಂದಿನ ರಾತ್ರಿ ಯಾರು ಹುಡುಕಿಯಾರು? 'ಅರ್ಥಶಾಸ್ತ್ರ, 3ನೇ ಸೆಮಿಸ್ಟರ್, ಘಟಕ 2, ಬೇಡಿಕೆ' ಅಂತ ಹೆಸರಿಟ್ಟರೆ 'ಬೇಡಿಕೆ' ಎಂದು ಹುಡುಕಿದರೂ ಸಿಗುತ್ತದೆ. ಬೋರ್ಡಿನ ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಹೋದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಓದಲು ಬರುವುದಿಲ್ಲ.

ನಾನು ದಿನಾ ಮಂಡ್ಯದಿಂದ ರೈಲಲ್ಲಿ ಓಡಾಡೋಳು. ಹಾಸ್ಟೆಲ್‌ನವರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗುತ್ತೆ. ಇದಕ್ಕೇನಾದ್ರೂ ದಾರಿ ಇದ್ಯಾ?

ಈ ಪುಟ ಬರೆಯಲು ನನಗೆ ಮನಸ್ಸಾದದ್ದೇ ಇಂಥ ಪ್ರಶ್ನೆಗಳಿಂದ. ಹಾಸ್ಟೆಲ್‌ನಲ್ಲಿರುವವರಿಗೆ ಸೀನಿಯರ್‌ಗಳು ಪಕ್ಕದ ರೂಮಿನಲ್ಲೇ ಇರುತ್ತಾರೆ. ಯಾವ ಪುಸ್ತಕ ಓದಬೇಕು, ಸ್ಕಾಲರ್‌ಶಿಪ್ ಅರ್ಜಿಗೆ ಯಾವ ಕಾಗದ ಬೇಕು, ಸಂಶೋಧನೆಗೆ ಯಾವ ಗೈಡ್ ಹತ್ತಿರ ಜಾಗ ಖಾಲಿ ಇದೆ, ಇದೆಲ್ಲ ಅಲ್ಲಿ ಊಟದ ಹೊತ್ತಿಗೆ ತಿಳಿದುಬಿಡುತ್ತದೆ. ಸಂಜೆ ರೈಲು ಹಿಡಿಯಲು ಓಡುವವರಿಗೆ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಿಗೆ ಆ ಮಾತುಗಳು ಕಿವಿಗೆ ಬೀಳುವುದೇ ಇಲ್ಲ. ಒಳ್ಳೆಯ ಗ್ರೂಪ್ ಒಂದಿದ್ದರೆ ಈ ಕೊರತೆ ತುಂಬುತ್ತದೆ.

ಹೀಗೆ ಮಾಡಿ. ನಿಮ್ಮ ಡಿಪಾರ್ಟ್‌ಮೆಂಟಿನ ಇಬ್ಬರು ಸೀನಿಯರ್‌ಗಳನ್ನು ತರಗತಿಯ ಗ್ರೂಪಿಗೆ ಸೇರಿಸಿ. ಕೇಳಿದರೆ ಬಹಳ ಜನ ಒಪ್ಪುತ್ತಾರೆ. ನಿಮ್ಮದೇ ರೈಲಿನಲ್ಲಿ ಓಡಾಡುವ, ನಿಮ್ಮದೇ ವಿಷಯ ಓದುವ ನಾಲ್ಕೈದು ಜನ ಸೇರಿ ಚಿಕ್ಕ ಗ್ರೂಪ್ ಮಾಡಿಕೊಳ್ಳಿ. ಪಾಠದ ಫೈಲ್‌ಗಳನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ. ಆಮೇಲೆ ಪಾಂಡವಪುರ, ಶ್ರೀರಂಗಪಟ್ಟಣ ದಾಟುವಾಗ ನೆಟ್‌ವರ್ಕ್ ಇಲ್ಲದಿದ್ದರೂ ಓದು ನಿಲ್ಲುವುದಿಲ್ಲ.

ಯೂಟ್ಯೂಬ್ ನೋಡಿ ಪಾಸಾಗ್ಬಹುದಾ?

ಅರ್ಥ ಮಾಡಿಕೊಳ್ಳಲು ಅದು ತುಂಬಾ ಒಳ್ಳೆಯದು. ಆದರೆ ಉತ್ತರ ಬರೆಯುವುದನ್ನು ಯೂಟ್ಯೂಬ್ ಕಲಿಸುವುದಿಲ್ಲ, ಅದಕ್ಕೆ ಪೆನ್ನು ಹಿಡಿಯಲೇಬೇಕು. ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಿಂದ ಶುರು ಮಾಡಿ.

ಮನೇಲಿ 'ಇಡೀ ದಿನ ಮೊಬೈಲು' ಅಂತ ಬೈತಾರೆ. ಓದ್ತಿದೀನಿ ಅಂದ್ರೆ ನಂಬಲ್ಲ.

ಅಪ್ಪ ಅಮ್ಮನ ಪಕ್ಕದಲ್ಲಿ ಕೂತು ಒಮ್ಮೆ ಪರದೆ ತೋರಿಸಿ. ಇದು ನನ್ನ ತರಗತಿಯ ಗ್ರೂಪ್, ಇದು ಇವತ್ತಿನ ನೋಟ್ಸ್ ಅಂತ ಹೇಳಿ. ಓದುವುದನ್ನು ಆದಷ್ಟು ಕಾಗದಕ್ಕೆ ಇಳಿಸಿ. ಪಕ್ಕದಲ್ಲಿ ತೆರೆದ ನೋಟ್‌ಬುಕ್ ಇದ್ದರೆ ಮನೆಯವರಿಗೂ ಸಮಾಧಾನ, ನಿಮಗೂ ಪಾಠ ನೆನಪಿನಲ್ಲಿ ಉಳಿಯುತ್ತದೆ.

## ಕೇಳೋದು, ಹೇಳೋದು

ಗ್ರೂಪಲ್ಲಿ ಡೌಟ್ ಕೇಳಿದ್ರೆ ಎಲ್ರೂ ನೋಡ್ತಾರೆ, ಒಬ್ರೂ ಉತ್ತರ ಕೊಡಲ್ಲ. ಯಾಕೆ?

ಎಷ್ಟೋ ಸಲ ಅದಕ್ಕೆ ಕೇಳುವ ರೀತಿಯೇ ಕಾರಣ. "ಸ್ಟ್ಯಾಟಿಸ್ಟಿಕ್ಸ್ ಅರ್ಥ ಆಗ್ತಿಲ್ಲ, ಯಾರಾದ್ರೂ ಹೇಳ್ಕೊಡಿ" ಅಂದರೆ ಉತ್ತರ ಕೊಡುವವರು ಎಲ್ಲಿಂದ ಶುರು ಮಾಡಬೇಕು? ಇದನ್ನೇ ಹೀಗೆ ಕೇಳಿ ನೋಡಿ: "ಕೈ-ಸ್ಕ್ವೇರ್ ಲೆಕ್ಕ. ಕೋಷ್ಟಕದಲ್ಲಿ 3 ಅಡ್ಡ ಸಾಲು, 4 ಉದ್ದ ಸಾಲು. ಡಿಗ್ರೀಸ್ ಆಫ್ ಫ್ರೀಡಂ 6 ಅಂತ ಪುಸ್ತಕದಲ್ಲಿದೆ. ನಾನು ಒಟ್ಟು 12 ಮನೆಯಲ್ಲಿ 1 ಕಳೆದು 11 ಬರೆದೆ. ಎಲ್ಲಿ ತಪ್ಪಿದೆ?" ಇದಕ್ಕೆ ಉತ್ತರ ಒಂದೇ ಸಾಲು: ಅಡ್ಡ ಸಾಲಿನಲ್ಲಿ ಒಂದು, ಉದ್ದ ಸಾಲಿನಲ್ಲಿ ಒಂದು ಕಳೆದು ಗುಣಿಸಬೇಕು, 2 ಇಂಟು 3, ಆರು. ಬಸ್ಸಿನಲ್ಲಿ ನಿಂತಿರುವವರೂ ಇಷ್ಟನ್ನು ಟೈಪ್ ಮಾಡಿಯಾರು.

ಅಂದರೆ ನಾಲ್ಕು ವಿಷಯ ಇರಬೇಕು. ಯಾವ ವಿಷಯ, ಏನು ಕೊಟ್ಟಿದ್ದಾರೆ, ನೀವು ಏನು ಮಾಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ. ಇಷ್ಟು ಬರೆಯುವಷ್ಟರಲ್ಲಿ ಕೆಲವು ಸಲ ಉತ್ತರ ನಿಮಗೇ ಹೊಳೆದುಬಿಡುತ್ತದೆ.

ಇನ್ನೊಂದು ಮಾತು. ಉತ್ತರ ಪರ್ಸನಲ್ ಆಗಿ ಸಿಕ್ಕಿದ್ದರೆ ಅದನ್ನು ಗ್ರೂಪಿಗೂ ಹಾಕಿ. ಅದೇ ಡೌಟ್ ಇನ್ನೂ ಹತ್ತು ಜನಕ್ಕೆ ಇರುತ್ತದೆ, ಅವರು ಕೇಳಲು ಹಿಂಜರಿದಿರುತ್ತಾರೆ. ಬರೀ ತಗೊಳ್ಳುವವರೇ ತುಂಬಿದ ಗ್ರೂಪ್ ಎರಡು ಸೆಮಿಸ್ಟರ್ ಕೂಡ ಬಾಳುವುದಿಲ್ಲ.

ನಾನು ಕನ್ನಡ ಮೀಡಿಯಂ. ಕನ್ನಡದಲ್ಲಿ ಕೇಳಿದ್ರೆ ದಡ್ಡ ಅಂದ್ಕೋತಾರಾ?

ಅಂದುಕೊಂಡರೆ ಅದು ಅವರ ಸಣ್ಣತನ. ನೀವು ಧೈರ್ಯವಾಗಿ ಕೇಳಿ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿದ್ದು. ಅದರ ಪ್ರಕಟಣೆಯ ವಿಭಾಗವಾದ ಪ್ರಸಾರಾಂಗ ಹಳ್ಳಿಯ ಜನರಿಗೂ ತಿಳಿಯಲಿ ಅಂತ ವಿಜ್ಞಾನ, ಆರೋಗ್ಯ, ಚರಿತ್ರೆಯ ಬಗ್ಗೆ ಕನ್ನಡದಲ್ಲಿ ಚಿಕ್ಕ ಚಿಕ್ಕ ಪುಸ್ತಕಗಳನ್ನು ಹೊರತಂದಿದೆ. 1956ರಿಂದ 1960ರವರೆಗೆ ಕುವೆಂಪು ಕುಲಪತಿಯಾಗಿದ್ದರು. ಮಾನಸಗಂಗೋತ್ರಿ ಎಂಬ ಹೆಸರನ್ನು ಕೊಟ್ಟವರೂ ಅವರೇ. ಇಂಥ ಕಡೆ ಓದುತ್ತಿರುವ ನೀವು ಕನ್ನಡದಲ್ಲಿ ಕೇಳಲು ನಾಚಬೇಕಾಗಿಲ್ಲ.

ಪಾರಿಭಾಷಿಕ ಪದ ಮಾತ್ರ ಎರಡೂ ಭಾಷೆಯಲ್ಲಿ ಗೊತ್ತಿರಲಿ. ಎಲಾಸ್ಟಿಸಿಟಿ ಅಂದರೂ ಸ್ಥಿತಿಸ್ಥಾಪಕತ್ವ ಅಂದರೂ ನಿಮಗೆ ಒಂದೇ ಅಂತ ತಿಳಿದಿದ್ದರೆ ಯಾವ ಪುಸ್ತಕ ಸಿಕ್ಕರೂ ಓದಬಹುದು.

ಸೀನಿಯರ್ ನೋಟ್ಸ್ ಕಳಿಸಿದ್ರು. ಓಪನ್ ಮಾಡಿದ್ರೆ ಕನ್ನಡ ಬದ್ಲು ಏನೇನೋ ಗೀಚಿದ ಹಾಗೆ ಅಕ್ಷರ ಬರುತ್ತೆ. ಫೈಲ್ ಹಾಳಾಗಿದ್ಯಾ?

ಹಾಳಾಗಿಲ್ಲ. ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆದ ಫೈಲ್. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದ ಫೋನಿನಲ್ಲಿ ಆ ಇಂಗ್ಲಿಷ್ ಅಕ್ಷರಗಳೇ ಮೇಲೆ ಮೆತ್ತಿದ ಗುರುತುಗಳ ಜೊತೆ ಹೊರಗೆ ಬರುತ್ತವೆ. ಯೂನಿಕೋಡ್‌ನಲ್ಲಿ ಈ ತೊಂದರೆ ಇಲ್ಲ.

ಕಳಿಸಿದವರು ಪಿಡಿಎಫ್ ಮಾಡಿ ಕಳಿಸಿದರೆ ಓದಲು ಸಾಕು. ತಿದ್ದಬೇಕು, ಹುಡುಕಬೇಕು ಅಂದರೆ ಯೂನಿಕೋಡ್‌ಗೆ ಬದಲಾಯಿಸಿ. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಬರುತ್ತದೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ಒಮ್ಮೆ ಕಣ್ಣಾಡಿಸಿ. ಹೊಸದಾಗಿ ಟೈಪ್ ಮಾಡುವವರು ಶುರುವಿನಿಂದಲೇ ಯೂನಿಕೋಡ್ ಬಳಸಿ. ಇಲ್ಲದಿದ್ದರೆ ಮುಂದೆ ನಿಮ್ಮ ಥೀಸಿಸ್ಸೇ ಯಾರು ಹುಡುಕಿದರೂ ಸಿಗದ ಹಾಗಾಗುತ್ತದೆ.

ಲೆಕ್ಚರರ್‌ಗೆ ವಾಟ್ಸಾಪಲ್ಲಿ ಮೆಸೇಜ್ ಮಾಡ್ಬಹುದಾ? ತಪ್ಪು ತಿಳ್ಕೋತಾರೇನೋ ಅಂತ ಭಯ.

ಮೊದಲು ತರಗತಿಯಲ್ಲೇ ಕೇಳಿಬಿಡಿ: "ಮೇಡಂ, ಡೌಟ್ ಇದ್ರೆ ವಾಟ್ಸಾಪ್ ಮಾಡಬಹುದಾ?" ಹೂಂ ಅಂದರೆ ಹೆಸರು, ತರಗತಿ, ವಿಷಯ, ಪ್ರಶ್ನೆ ಎಲ್ಲ ಒಂದೇ ಮೆಸೇಜಿನಲ್ಲಿರಲಿ. ಬರೀ 'ಹಾಯ್ ಸಾರ್' ಅಂತ ಕಳಿಸಿ ಕಾಯಬೇಡಿ. ರಾತ್ರಿ ಒಂಬತ್ತರ ಮೇಲೆ ಬೇಡ. ಉತ್ತರ ಬರದಿದ್ದರೆ ಮರುದಿನ ಡಿಪಾರ್ಟ್‌ಮೆಂಟಿಗೆ ಹೋಗಿ ನೇರವಾಗಿ ಕೇಳಿ.

## ಯಾವುದನ್ನು ನಂಬೋದು

'ಪರೀಕ್ಷೆ ಮುಂದಕ್ಕೆ ಹೋಗಿದೆ' ಅಂತ ಸರ್ಕ್ಯುಲರ್ ಫೋಟೋ ಬಂದಿದೆ. ನಿಜಾನಾ?

ಫೋಟೋ ನೋಡಿ ನಂಬಬೇಡಿ. ಅದರಲ್ಲಿ ಸಂಖ್ಯೆ, ದಿನಾಂಕ, ಕುಲಸಚಿವರ ಸಹಿ ಇದೆಯಾ ನೋಡಿ. ಇಸವಿಯನ್ನಂತೂ ಖಂಡಿತ ನೋಡಿ, ಏಕೆಂದರೆ ಹಳೆಯ ವರ್ಷದ ಸುತ್ತೋಲೆಗಳೇ ಪ್ರತಿ ಸಲ ಮತ್ತೆ ಓಡಾಡುತ್ತವೆ. ಆಮೇಲೆ ವಿಶ್ವವಿದ್ಯಾನಿಲಯದ ವೆಬ್‌ಸೈಟ್ ತೆರೆದು ಅದೇ ಸುತ್ತೋಲೆ ಇದೆಯಾ ನೋಡಿ, ಅಥವಾ ಕಾಲೇಜಿನ ಆಫೀಸಿಗೆ ಫೋನ್ ಮಾಡಿ. ಯಾವ ವಿಶ್ವವಿದ್ಯಾನಿಲಯದ್ದು ಎಂಬುದೂ ಮುಖ್ಯ. ಮೈಸೂರು ವಿವಿ, ಮುಕ್ತ ವಿವಿ ಎರಡರ ಪರೀಕ್ಷೆಯೂ ಬೇರೆ ಬೇರೆ. ಒಂದರ ಸುತ್ತೋಲೆ ಇನ್ನೊಂದರ ಗ್ರೂಪಿಗೆ ಬಂದು ಗಾಬರಿ ಎಬ್ಬಿಸುವುದು ಮಾಮೂಲಿ.

ಖಚಿತ ಆಗುವ ತನಕ ಫಾರ್ವರ್ಡ್ ಮಾಡಬೇಡಿ. ಓದು ಮಾತ್ರ ನಿಲ್ಲಿಸಬೇಡಿ.

ಟೆಲಿಗ್ರಾಂ ಚಾನೆಲ್‌ನಲ್ಲಿ ನೆಟ್ ಪೇಪರ್ ಸಿಗುತ್ತೆ, ದುಡ್ಡು ಹಾಕಿ ಅಂತಾರೆ. ಫ್ರೆಂಡ್ಸ್ ಎಲ್ಲ ಹಾಕ್ತಿದಾರೆ.

ಹಾಕಬೇಡಿ. 2024ರಲ್ಲಿ ಏನಾಯಿತು ಅಂತ ನೆನಪಿಸಿಕೊಳ್ಳಿ. ಜೂನ್ 18ರಂದು ದೇಶದಾದ್ಯಂತ 9 ಲಕ್ಷಕ್ಕೂ ಹೆಚ್ಚು ಜನ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನೆಟ್, ಅಂದರೆ ಅಧ್ಯಾಪಕರಾಗುವವರ ಅರ್ಹತಾ ಪರೀಕ್ಷೆ ಬರೆದರು. ಪೇಪರ್ ಸೋರಿಕೆಯಾಗಿರಬಹುದು ಎಂಬ ಮಾಹಿತಿಯ ಮೇಲೆ ಮರುದಿನವೇ ಪರೀಕ್ಷೆ ರದ್ದಾಯಿತು. ಆಮೇಲೆ ಸಿಬಿಐ ತನಿಖೆ ಮಾಡಿದಾಗ, ಟೆಲಿಗ್ರಾಂನಲ್ಲಿ ಓಡಾಡಿದ್ದ ಆ ಪೇಪರಿನ ಸ್ಕ್ರೀನ್‌ಶಾಟ್ ತಿದ್ದಿದ್ದು ಅಂತ ಗೊತ್ತಾಯಿತು. ಪರೀಕ್ಷೆ ಶುರುವಾದ ಮೇಲಿನ ಚಿತ್ರವನ್ನು ಮೊದಲೇ ಬಂದಿದ್ದ ಹಾಗೆ ಕಾಣಿಸಿದ್ದರು. ಒಂದು ಸುಳ್ಳು ಚಿತ್ರದ ಬೆಲೆಯನ್ನು ಅಷ್ಟೂ ಜನ ತೆತ್ತರು, ಆಗಸ್ಟ್–ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಬರೆದರು.

ಪೇಪರ್ ಮಾರುತ್ತೇವೆ ಎನ್ನುವವರು ಬೇಕಂತಲೇ ಇಂಥ ತಿದ್ದಿದ ಚಿತ್ರ ತೋರಿಸಿ ನಿಮ್ಮ ದುಡ್ಡು ಕೀಳುತ್ತಾರೆ. ಅದೇ ಟೆಲಿಗ್ರಾಂನಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಬಿಡಿಸಿ ಚರ್ಚೆ ಮಾಡುವ ಒಳ್ಳೆಯ ಗ್ರೂಪ್‌ಗಳೂ ಇವೆ, ಅಲ್ಲಿಗೆ ಸೇರಿ. ಈಗಾಗಲೇ ದುಡ್ಡು ಹಾಕಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಟೆಕ್ಸ್ಟ್‌ಬುಕ್ ಪಿಡಿಎಫ್ ಗ್ರೂಪಲ್ಲಿ ಹಂಚಿದ್ರೆ ಕೇಸ್ ಆಗುತ್ತಾ?

ಇದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಪಾಠಕ್ಕಾಗಿ ಶಿಕ್ಷಕರೋ ವಿದ್ಯಾರ್ಥಿಗಳೋ ಮಾಡುವ ಪ್ರತಿಗೆ ವಿನಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಕೇಸ್ ಹಾಕಿದ್ದರು. ಪಾಠಕ್ಕೆ ಬೇಕಾದ ಭಾಗಗಳನ್ನು ಬೇರೆ ಬೇರೆ ಪುಸ್ತಕಗಳಿಂದ ಆರಿಸಿ ಜೆರಾಕ್ಸ್ ಕಟ್ಟು ಮಾಡಿಕೊಡುವುದು ತಪ್ಪಲ್ಲ ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ನಮ್ಮಂಥ ಊರಿನ ಬಡ ವಿದ್ಯಾರ್ಥಿಗಳ ಪಾಲಿಗೆ ಇದು ದೊಡ್ಡ ತೀರ್ಪು.

ಹಾಗಂತ ಮಾರುಕಟ್ಟೆಯಲ್ಲಿರುವ ಪುಸ್ತಕವನ್ನು ಪೂರ್ತಿ ಸ್ಕ್ಯಾನ್ ಮಾಡಿ ಸಾವಿರಾರು ಜನರ ಬಹಿರಂಗ ಚಾನೆಲ್‌ಗೆ ಹಾಕುವುದು ಇದರೊಳಗೆ ಬರುತ್ತದೆ ಅಂತ ತಿಳಿಯಬೇಡಿ. ಕನ್ನಡ ಪುಸ್ತಕದ ವಿಷಯದಲ್ಲಂತೂ ನನ್ನ ಮನಸ್ಸು ಇನ್ನೂ ಗಟ್ಟಿ. ಕನ್ನಡದ ಪ್ರಕಾಶಕರು ಸಣ್ಣವರು, ಸಾವಿರ ಪ್ರತಿ ಹಾಕಿದರೆ ಅದೇ ದೊಡ್ಡದು. ಅವರ ಪುಸ್ತಕವನ್ನು ಕೊಳ್ಳಿ, ಇಲ್ಲವೇ ಲೈಬ್ರರಿಯಿಂದ ತನ್ನಿ.

ಗ್ರೂಪಿಂದ ನಂಬರ್ ತಗೊಂಡು ಯಾರ್ಯಾರೋ ರಾತ್ರಿ ಮೆಸೇಜ್ ಮಾಡ್ತಾರೆ. ಗ್ರೂಪ್ ಬಿಟ್ರೆ ನೋಟ್ಸ್ ಹೋಗುತ್ತೆ.

ಬಿಡಬೇಕಾದವರು ನೀವಲ್ಲ, ಅವರು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಬ್ಲಾಕ್ ಮಾಡಿ, ಅಡ್ಮಿನ್‌ಗೆ ತಿಳಿಸಿ, ಅವರನ್ನು ಗ್ರೂಪಿನಿಂದ ತೆಗೆಸಿ. ನಿಲ್ಲದಿದ್ದರೆ ಕಾಲೇಜಿನ ಆಂತರಿಕ ದೂರು ಸಮಿತಿ ಇದೆ, ಪೊಲೀಸರಿದ್ದಾರೆ. ರ‍್ಯಾಗಿಂಗ್ ಆಗಿದ್ದರೆ ಯುಜಿಸಿಯ 1800-180-5522 ಸಂಖ್ಯೆಗೆ ಫೋನ್ ಮಾಡಬಹುದು. ವಾಟ್ಸಾಪ್ ಪ್ರೈವೆಸಿಯಲ್ಲಿ ಡಿಪಿ, ಸ್ಟೇಟಸ್ ಎರಡನ್ನೂ ಪರಿಚಯದವರಿಗೆ ಮಾತ್ರ ಕಾಣುವಂತೆ ಇಡಿ. ಟೆಲಿಗ್ರಾಂನಲ್ಲಿ ನಂಬರ್ ಯಾರಿಗೂ ಕಾಣದ ಹಾಗೆ ಇಡಬಹುದು. ಅಪರಿಚಿತರೇ ಜಾಸ್ತಿ ಇರುವ ದೊಡ್ಡ ಗ್ರೂಪ್‌ಗೆ ಅದೇ ಸರಿ.

## ಎಂಎ, ಎಂಎಸ್ಸಿ, ಪಿಎಚ್‌ಡಿಯವರಿಗೆ

ರಿಸರ್ಚ್‌ಗೇಟ್, ಲಿಂಕ್ಡ್‌ಇನ್, ಗೂಗಲ್ ಸ್ಕಾಲರ್, ಆರ್ಕಿಡ್… ಎಲ್ಲಾದ್ರಲ್ಲೂ ಅಕೌಂಟ್ ಬೇಕಾ?

ಮೊದಲು ಆರ್ಕಿಡ್ ಮಾಡಿಕೊಳ್ಳಿ. ಅದು ಸಂಶೋಧಕರಿಗೆ ಸಿಗುವ 16 ಅಂಕಿಯ ಗುರುತಿನ ಸಂಖ್ಯೆ, ಪುಕ್ಕಟೆ. ನಮ್ಮಲ್ಲಿ ಒಂದೇ ಹೆಸರಿನವರು ಬಹಳ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ ಬರುತ್ತದೆ. ಒಂದು ಸಂಶೋಧನಾ ಪೇಪರಿನಲ್ಲಿ 'ಎಂ. ಆರ್. ಮಂಜುನಾಥ', ಇನ್ನೊಂದರಲ್ಲಿ 'ಮಂಜುನಾಥ ಎಂ.' ಅಂತ ಅಚ್ಚಾದರೆ ಇಬ್ಬರೂ ಬೇರೆ ಬೇರೆ ಅಂತ ಲೆಕ್ಕ. ಈ ಸಂಖ್ಯೆ ಆ ಗೊಂದಲವನ್ನು ತಪ್ಪಿಸುತ್ತದೆ.

ಮೊದಲ ಪೇಪರ್ ಬಂದ ಮೇಲೆ ಗೂಗಲ್ ಸ್ಕಾಲರ್ ಪ್ರೊಫೈಲ್ ಮಾಡಿ. ನಿಮ್ಮ ವಿಷಯದಲ್ಲಿ ಕೆಲಸ ಮಾಡುವವರನ್ನು ಹುಡುಕಲು ರಿಸರ್ಚ್‌ಗೇಟ್, ಕೆಲಸ ಹುಡುಕಲು ಲಿಂಕ್ಡ್‌ಇನ್. ಅಕೌಂಟ್ ಮಾಡಿ ಮರೆತುಬಿಡುವುದಾದರೆ ಮಾಡದಿರುವುದೇ ಮೇಲು.

ಬೇಕಾದ ಪೇಪರ್ ಸಿಕ್ತು, ಆದ್ರೆ 30 ಡಾಲರ್ ಕೇಳ್ತಿದೆ. ಎಲ್ಲಿಂದ ತರ್ಲಿ?

ಒಂದು ರೂಪಾಯಿಯನ್ನೂ ಕೊಡಬೇಡಿ. 2025ರಲ್ಲಿ ಶುರುವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಿಗುತ್ತವೆ. ನಿಮ್ಮ ಲೈಬ್ರರಿಯನ್‌ರನ್ನು ಕೇಳಿ, ಲಾಗಿನ್ ಹೇಗೆ ಅಂತ ಅವರು ಹೇಳುತ್ತಾರೆ. ಅಲ್ಲಿ ಸಿಗದಿದ್ದರೆ ಪೇಪರ್ ಬರೆದವರಿಗೇ ರಿಸರ್ಚ್‌ಗೇಟ್‌ನಲ್ಲೋ ಇಮೇಲ್‌ನಲ್ಲೋ ಬರೆಯಿರಿ. ನಾನು ಇಂಥ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಇಂಥ ವಿಷಯದ ಮೇಲೆ ಕೆಲಸ ಮಾಡುತ್ತಿದ್ದೇನೆ, ನಿಮ್ಮ ಪೇಪರ್ ಕಳಿಸುವಿರಾ ಅಂತ ಮೂರು ಸಾಲು ಸಾಕು. ತಾವು ಬರೆದದ್ದನ್ನು ಒಬ್ಬರು ಓದುತ್ತಾರೆ ಅಂದರೆ ಯಾರಿಗೆ ಖುಷಿ ಇಲ್ಲ? ಭಾರತದ ಪಿಎಚ್‌ಡಿ ಥೀಸಿಸ್‌ಗಳು ಬೇಕಿದ್ದರೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಜಾಲತಾಣದಲ್ಲಿ ಲಕ್ಷಗಟ್ಟಲೆ ಇವೆ.

'ಯುಜಿಸಿ ಕೇರ್ ಜರ್ನಲ್, ಮೂರು ದಿನದಲ್ಲಿ ಪಬ್ಲಿಷ್' ಅಂತ ವಾಟ್ಸಾಪಲ್ಲಿ ಬರ್ತಿದೆ. ಕಳಿಸ್ಲಾ?

ಬೇಡ. ಒಳ್ಳೆಯ ಜರ್ನಲ್ ಯಾವುವು ಅಂತ ಹೇಳುತ್ತಿದ್ದ ಕೇರ್ ಪಟ್ಟಿಯನ್ನು ಕೈಬಿಟ್ಟಿದ್ದೇವೆ ಅಂತ ಯುಜಿಸಿಯೇ 2025ರ ಫೆಬ್ರುವರಿಯಲ್ಲಿ ತಿಳಿಸಿದೆ. ಇಲ್ಲದ ಪಟ್ಟಿಯ ಹೆಸರು ಹೇಳುವವರನ್ನು ನಂಬುವುದು ಹೇಗೆ? ಮೂರು ದಿನದಲ್ಲಿ ಅಚ್ಚು ಹಾಕುತ್ತೇವೆ ಅಂದರೆ ಯಾರೂ ಅದನ್ನು ಓದಿ ಪರಿಶೀಲಿಸುವುದಿಲ್ಲ ಅಂತಲೇ ಅರ್ಥ. ಥೀಸಿಸ್ ಕೊಡುವ ಮುಂಚೆ ಪೇಪರ್ ಪ್ರಕಟವಾಗಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾನಿಲಯದ ನಿಯಮ ಏನು ಅಂತ ಗೈಡ್‌ರನ್ನು ಕೇಳಿ, ಆತುರ ಬಿದ್ದು ದುಡ್ಡು ಕಳೆಯಬೇಡಿ.

ಗ್ರೂಪಲ್ಲಿ ಬಂದ ನೋಟ್ಸಿನ ಸಾಲುಗಳನ್ನ ಥೀಸಿಸ್‌ಗೆ ಹಾಕಿದ್ರೆ ಸಿಕ್ಕಿಹಾಕ್ಕೋತೀವಾ?

ಹೌದು, ಸಿಕ್ಕಿಹಾಕಿಕೊಳ್ಳುತ್ತೀರಿ. ಆ ನೋಟ್ಸ್ ಯಾವುದೋ ಪುಸ್ತಕದಿಂದ ಇಳಿದದ್ದಾಗಿರುತ್ತದೆ. 2018ರ ಯುಜಿಸಿ ನಿಯಮದಂತೆ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಗ್ರೂಪಿನಲ್ಲಿ ಒಳ್ಳೆಯ ಮಾತು ಸಿಕ್ಕರೆ "ಇದು ಯಾವ ಪುಸ್ತಕದ್ದು, ಯಾವ ಪುಟ?" ಅಂತ ಅಲ್ಲೇ ಕೇಳಿ. ಆ ಪುಸ್ತಕ ತೆರೆದು ಓದಿ, ನಿಮ್ಮ ಮಾತಿನಲ್ಲಿ ಬರೆದು, ಆಕರ ಕೊಡಿ. ಈ ಒಂದು ಅಭ್ಯಾಸ ಇದ್ದರೆ ಗ್ರೂಪಿನಷ್ಟು ಒಳ್ಳೆಯ ಜೊತೆಗಾರ ಇನ್ನೊಂದಿಲ್ಲ.

ಕಬ್ಬು ಬೆಳೆಗಾರರ ಮೇಲೆ ಸರ್ವೆ. ಗೂಗಲ್ ಫಾರ್ಮ್ ಗ್ರೂಪ್‌ಗಳಿಗೆ ಹಾಕಿದೆ, 200 ಜನ ತುಂಬಿದ್ರು. ಡೇಟಾ ಸಾಕಲ್ವಾ?

ಎಷ್ಟು ಜನ ಅನ್ನುವುದಕ್ಕಿಂತ ಯಾರು ತುಂಬಿದರು ಅನ್ನುವುದು ಮುಖ್ಯ. ನಿಮ್ಮ ಫಾರ್ಮ್ ತುಂಬಿದವರು ಸ್ಮಾರ್ಟ್‌ಫೋನ್ ಇರುವ, ಆ ಗ್ರೂಪ್‌ಗಳಲ್ಲಿರುವ, ಫಾರ್ಮ್ ತುಂಬುವಷ್ಟು ಬಿಡುವಿರುವ ಜನ. ಅವರಲ್ಲಿ ಬೆಳೆಗಾರರ ಮಕ್ಕಳು ಎಷ್ಟು, ಬೆಳೆಗಾರರು ಎಷ್ಟು? ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿ ಗದ್ದೆ ಇದ್ದು ನೀರಿಗೆ ಕಾಯುವ ರೈತ, ಬೇರೆಯವರ ಹೊಲದಲ್ಲಿ ಕಬ್ಬು ಕಡಿಯುವ ಹೆಂಗಸು ಇದರಲ್ಲಿ ಇದ್ದಾರಾ? ಅವರನ್ನು ಬಿಟ್ಟು 'ಮಂಡ್ಯದ ಕಬ್ಬು ಬೆಳೆಗಾರರು ಹೀಗೆ ಹೇಳುತ್ತಾರೆ' ಅಂತ ಬರೆದರೆ ಅದು ಸುಳ್ಳಾಗುತ್ತದೆ.

ಫಾರ್ಮನ್ನು ಎಸೆಯಬೇಡಿ. ಪ್ರಶ್ನೆಗಳು ಜನಕ್ಕೆ ಅರ್ಥವಾಗುತ್ತಿವೆಯಾ ಅಂತ ಪರೀಕ್ಷಿಸಲು ಅದನ್ನು ಬಳಸಿ. ಆಮೇಲೆ ನಾಲೆಯ ಮೇಲ್ಭಾಗದ, ನಡುವಿನ, ಕೊನೆಯ ಊರುಗಳನ್ನು ಆರಿಸಿಕೊಂಡು ಹೋಗಿ, ಕೂತು ಕೇಳಿ. ಗ್ರೂಪಿನಿಂದ ಬಂದ ಉತ್ತರ ಎಷ್ಟು, ಊರಿಗೆ ಹೋಗಿ ಪಡೆದದ್ದು ಎಷ್ಟು ಅಂತ ಥೀಸಿಸ್‌ನಲ್ಲಿ ಬೇರೆ ಬೇರೆ ತೋರಿಸಿ.

ರೈತರ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಮಾತನ್ನು ಎತ್ತಿ ಬಳಸುವ ಆಸೆ ಇದ್ದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಅವರು ತಮ್ಮವರ ಮುಂದೆ ಸಾಲದ ಬಗ್ಗೆ, ಬಾಕಿ ಬಿಲ್ಲಿನ ಬಗ್ಗೆ ಮನಸ್ಸು ಬಿಚ್ಚಿ ಹೇಳಿರುತ್ತಾರೆ. ಹೆಸರು, ನಂಬರ್, ಊರಿನ ಗುರುತು ತೆಗೆದುಹಾಕಿ. ಕೆಲಸ ಮುಗಿದ ಮೇಲೆ ಏನು ಕಂಡಿರಿ ಅಂತ ಕನ್ನಡದಲ್ಲಿ ಎರಡು ಪುಟ ಬರೆದು ಅದೇ ಗ್ರೂಪಿಗೆ ಕಳಿಸಿ. ಅವರು ತಿದ್ದಿ ಹೇಳುವುದೇನಾದರೂ ಇದ್ದರೆ ಅದನ್ನೂ ಗುರುತು ಹಾಕಿಕೊಂಡು ಗೈಡ್‌ಗೆ ತೋರಿಸಿ.